ಶನಿವಾರದ ಗಾಣಿಗರು

ಮುಂಬಯಿಗೆ ದಕ್ಷಿಣದಲ್ಲಿ, ಸಹ್ಯಾದ್ರಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಹಬ್ಬಿರುವ ಕೊಂಕಣದ ಕೊಲಾಬಾ ಸೀಮೆಯಲ್ಲಿ, ಎಂದರೆ ಇಂದಿನ ರಾಯಗಡ ಜಿಲ್ಲೆಯ ಅಲೀಬಾಗ, ಪೇಣ, ರೋಹಾ, ರೇವದಂಡಾ ಮುಂತಾದ ಊರುಗಳಲ್ಲಿ, ಎಣ್ಣೆ ತೆಗೆದು ಮಾರಿ ಜೀವಿಸುತ್ತಿದ್ದ ಎರಡು ಬಗೆಯ ಗಾಣಿಗರು ಬಹುಕಾಲ ಅಕ್ಕಪಕ್ಕದಲ್ಲಿಯೇ ಬಾಳಿಕೊಂಡಿದ್ದರು. ಒಂದು ಬಗೆಯವರು ಶಿವನ ವಾರವೆಂದು ಸೋಮವಾರ ಗಾಣಕ್ಕೆ ಎತ್ತು ಹೂಡುತ್ತಿರಲಿಲ್ಲ. ಅವರನ್ನು ಜನರು ಸೋಮವಾರ ತೇಲಿಗಳೆಂದು, ಎಂದರೆ ಸೋಮವಾರದ ಗಾಣಿಗರೆಂದು, ಕರೆದರು. ಇನ್ನೊಂದು ಬಗೆಯವರು ವಾರದ ಏಳು ದಿನಗಳಲ್ಲಿ ಶನಿವಾರವೊಂದನ್ನು ಬಿಟ್ಟು ಉಳಿದ ಆರು ದಿನವೂ ದುಡಿಯುತ್ತಿದ್ದರು. ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬ, ಅದು ಬಸವಣ್ಣನ ದಿನವೆಂಬ ನಿಯಮವನ್ನು ನಮ್ಮ ಕನ್ನಡನಾಡಿನ ಒಕ್ಕಲು ಮಕ್ಕಳೂ ಪಾಲಿಸಿಕೊಂಡು ಬಂದವರೇ ಆದುದರಿಂದ, ಮೊದಲನೆಯವರ ಆಚಾರ ನಮಗೆ ಹೊಸದಲ್ಲ. ಎರಡನೆಯವರ ಆಚಾರದ ಬೇರಾದರೋ ಸಮುದ್ರದಾಚೆ, ಬಹುದೂರದ ಇನ್ನೊಂದು ನಾಡಿನಲ್ಲಿದ್ದಿತು.

ಈ ಶನಿವಾರದ ಗಾಣಿಗರು ತಮ್ಮನ್ನು ಬೆನೆ ಇಸ್ರಾಯೇಲರೆಂದು, ಎಂದರೆ ಇಸ್ರಾಯೇಲನ ಸಂತಾನದವರೆಂದು ಹೇಳಿಕೊಳ್ಳುತ್ತಿದ್ದರು. ಇವರು ಆಡುತ್ತಿದ್ದುದು ಮರಾಠಿ. ಹೆಂಗಸರು ಉಡುತ್ತಿದ್ದುದು ಸುತ್ತಮುತ್ತಲಿನವರಂತೆಯೇ ಸೀರೆ. ಮನೆತನದ ಹೆಸರುಗಳೂ ತಾವು ನೆಲಸಿದ ಹಳ್ಳಿಯ ಹೆಸರಿಗೆ ‘ಕರ’ ಎಂಬುದನ್ನು ಸೇರಿಸಿಕೊಂಡು ನವಗಾಂವ್ಕರ, ದಿವೇಕರ, ಪೇಣ್ಕರ, ಕೆಹಿಮ್‌ಕರ ಎಂದಾಗಿದ್ದವು. ಇವರ ಹಿರಿಯರು ಯಾವುದೋ ಕಾಲದಲ್ಲಿ ತಮ್ಮ ನಾಡನ್ನು ಬಿಟ್ಟು ಹಡಗಿನಲ್ಲಿ ಬರುತ್ತಿರಲು, ಅಲೀಬಾಗಿನ ಹತ್ತಿರದ ನವಗಾಂವದ ಕರಾವಳಿಯಲ್ಲಿ ಆ ಹಡಗು ಒಡೆದು, ಏಳು ಮಂದಿ ಗಂಡಸರೂ ಏಳು ಮಂದಿ ಹೆಂಗಸರೂ ಮಾತ್ರ ಉಳಿದರೆಂಬುದು ಇವರ ಐತಿಹ್ಯ. ತೇಲಿಬಂದ ಶವಗಳನ್ನು ಹೂಳಿದ ದಿಬ್ಬಗಳನ್ನು ನವಗಾಂವದಲ್ಲಿ ಇಂದಿಗೂ ತೋರಿಸುತ್ತಾರೆ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಅಂತಿಯೋಕಸನೆಂಬ ಗ್ರೀಕ್ ಅರಸನು ಯೆಹೂದ್ಯರನ್ನು ಹಿಂಸಿಸಿದಾಗ ಓಡಿಬಂದವರು ಇವರೆಂದು ಕೆಲವರು, ಅದಕ್ಕೆ ಎಷ್ಟೋ ಶತಮಾನಗಳ ತರುವಾಯ ಬಂದವರೆಂದು ಮತ್ತೆ ಕೆಲವರು ಅಭಿಪ್ರಾಯಪಡುವುದುಂಟು. ಬಂದ ಕಾಲವೆಂದೇ ಇರಲಿ, ಹಡಗಿನೊಡನೆ ಇವರ ಗ್ರಂಥಗಳೆಲ್ಲವೂ ಮುಳುಗಿದುವೆಂಬ ಮಾತನ್ನು ಇವರು ವಿಷಾದದಿಂದ ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದರು.

ಗ್ರಂಥವಿಲ್ಲದೆ, ಗುರುಗಳಿಲ್ಲದೆ, ದೇವಾಲಯವಿಲ್ಲದೆ, ಹೀಬ್ರೂ ಭಾಷೆಯೂ ಮರೆತುಹೋಗಿ ಶತಶತಮಾನಗಳನ್ನು ಕಳೆದ ಈ ಜನ, ಯಾವ ಯಾವುದನ್ನು ಉಳಿಸಿಕೊಂಡರೆಂಬುದು ನಮ್ಮ ಗಮನಕ್ಕೆ ಅರ್ಹವಾದ ವಿಷಯ. ಗಂಡುಮಗು ಹುಟ್ಟಿದ ಎಂಟನೆಯ ದಿನ ಸುನ್ನತಿಮಾಡುವುದನ್ನು ಇವರು ಬಿಡಲಿಲ್ಲ. ದೇವರೊಬ್ಬನೇ ಎಂದು ಇಸ್ರಾಯೇಲರನ್ನು ಸಂಬೋಧಿಸಿ ಸಾರುವ ‘ಶೆಮಾ’ ಎಂಬ ಮಂತ್ರಪ್ರಾಯವಾದ ವಾಕ್ಯವೊಂದನ್ನು ಮರೆಯಲಿಲ್ಲ. ಬೇರೆ ಪ್ರಾರ್ಥನೆ ಯಾವುದೂ ಬಾರದಿದ್ದುದರಿಂದ ಜನನಕ್ಕೂ ವಿವಾಹಕ್ಕೂ ಮರಣಕ್ಕೂ ಆ ಒಂದು ವಾಕ್ಯವನ್ನೇ ಉಚ್ಚರಿಸಿದರು. ಭಕ್ಷ್ಯಾಭಕ್ಷ್ಯದ ಕೆಲವು ಕಟ್ಟಳೆಗಳನ್ನು ಪಾಲಿಸಿದರು. ಕೆಲವು ಹಬ್ಬಗಳನ್ನು ಆಚರಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ಸಬ್ಬತ್ ಎಂಬ ಏಳನೆಯ ದಿನದ ವಿಶ್ರಾಂತಿಯನ್ನು ತಪ್ಪದೆ ನಡೆಸಿಕೊಂಡು ಬಂದರು.

ಸಬ್ಬತ್ ಎಂಬುದು ಯೆಹೂದ್ಯರಲ್ಲಿ ಕೇವಲ ಬಿಡುವಿನ ದಿನವಲ್ಲ. ಶುಕ್ರವಾರದ ಸೂರ್ಯಾಸ್ತಮಾನಕ್ಕೆ ಆರಂಭವಾಗಿ ಶನಿವಾರ ಸಂಜೆ ಕತ್ತಲು ಕವಿದು ಆಕಾಶದಲ್ಲಿ ಮೂರು ನಕ್ಷತ್ರಗಳು ಕಾಣುವವರೆಗೆ ನಡೆಯುವ ಈ ವ್ರತದಲ್ಲಿ ಮಾಡಬಾರದ ಕೆಲಸಗಳಾವುವೆಂಬುದನ್ನು, ಕ್ರಿ. ಶ. 200ರ ಸುಮಾರಿನಲ್ಲಿ ಸಂಕಲಿತವಾದ ‘ಮಿಷ್ನಾ’ ಎಂಬ ಧರ್ಮಸಂಹಿತೆ 39 ಪ್ರಕಾರಗಳಾಗಿ ವಿಂಗಡಿಸಿದೆ. ಉಳುವುದು, ಬಿತ್ತುವುದು, ಕೊಯ್ಯುವುದು, ಒಕ್ಕುವುದು, ತೂರುವುದು, ಬೀಸುವುದು, ನಾದುವುದು, ಬೇಯಿಸುವುದು, ನೂಲುವುದು, ನೇಯುವುದು, ಬರೆಯುವುದು, ಬರೆದುದನ್ನು ಅಳಿಸುವುದು, ಕಟ್ಟುವುದು, ಕೆಡಹುವುದು, ಬೆಂಕಿ ಹೊತ್ತಿಸುವುದು, ಆರಿಸುವುದು ಮುಂತಾಗಿ ಸಾಗುವ ಈ ಪಟ್ಟಿಯನ್ನು ಓದಿದರೆ, ಒಬ್ಬ ಮನುಷ್ಯ ಹೊಲದಿಂದ ಊಟದ ತಟ್ಟೆಯವರೆಗೆ, ಕುರಿಯ ಉಣ್ಣೆಯಿಂದ ಉಡುವ ಬಟ್ಟೆಯವರೆಗೆ ಮಾಡುವ ದುಡಿಮೆಯೆಲ್ಲವೂ ಕ್ರಮವಾಗಿ ಕಣ್ಣಮುಂದೆ ಬರುತ್ತದೆ. ಕಾಳನ್ನು ಅರೆಯುವುದು ಬೀಸುವಿಕೆಯ ಜಾತಿಗೆ ಸೇರಿದುದು. ಹಣ್ಣು ಕಾಯಿಗಳೊಳಗಿನ ರಸವನ್ನು ಹಿಂಡಿ ತೆಗೆಯುವುದು ಒಕ್ಕುವಿಕೆಯ ಜಾತಿಗೆ ಸೇರಿದುದು. ಹೀಗೆ, ಗಾಣಿಗನ ವೃತ್ತಿ ಶಾಸ್ತ್ರದ ದೃಷ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಕಡೆಯಿಂದ ನಿಷಿದ್ಧವಾಗುತ್ತಿದ್ದಿತು. ಕೊಂಕಣದ ಗಾಣಿಗನಿಗೆ ಈ ವಿಂಗಡಣೆಯ ಅರಿವು ಲೇಶಮಾತ್ರವೂ ಇರಲಿಲ್ಲ. ಗಾಣವನ್ನು ನಿಲ್ಲಿಸಬೇಕೆಂಬ ಅರಿವೊಂದಿದ್ದಿತು, ಅಷ್ಟೆ.

ಇಲ್ಲಿ ಇನ್ನೊಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮೋಶೆಯ ಮೂಲಕ ಬಂದವೆನ್ನುವ ಹತ್ತು ಆಜ್ಞೆಗಳಲ್ಲಿ ಸಬ್ಬತ್ತಿನ ಆಜ್ಞೆ ಮನೆಯ ಯಜಮಾನನೊಬ್ಬನಿಗೆ ಸೀಮಿತವಾದುದಲ್ಲ. ಅವನ ಮಗನಿಗೆ, ಮಗಳಿಗೆ, ದಾಸನಿಗೆ, ದಾಸಿಗೆ, ಮನೆಯಲ್ಲಿ ತಂಗಿದ ಪರದೇಶಿಗೆ, ಕೊನೆಗೆ ಕೊಟ್ಟಿಗೆಯಲ್ಲಿರುವ ಎತ್ತಿಗೂ ಕತ್ತೆಗೂ ಆ ದಿನದ ವಿಶ್ರಾಂತಿಯಲ್ಲಿ ಪಾಲುಂಟು. ತನ್ನ ಎತ್ತನ್ನು ಆ ದಿನ ಅನ್ಯಮತದವನಿಗೆ ಬಾಡಿಗೆಗೆ ಕೊಟ್ಟು ದುಡಿಸುವುದೂ ಕೂಡದೆಂದು ಶಾಸ್ತ್ರಕಾರರು ವಿಧಿಸಿದ್ದಾರೆ. ಗಾಣದ ಎತ್ತು ಹೊಲದ ಎತ್ತಿಗಿಂತಲೂ ಕಷ್ಟಜೀವಿ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಬೆಳಗಿನಿಂದ ಬೈಗಿನವರೆಗೆ ಅದೇ ಸುತ್ತನ್ನು ಸುತ್ತುತ್ತ, ಎಳ್ಳೋ ಕೊಬ್ಬರಿಯೋ ನುರಿದು ಎಣ್ಣೆ ಇಳಿದು ಹಿಂಡಿ ಒಣಗಿ ಗಟ್ಟಿಯಾಗುವವರೆಗೂ ಅದಕ್ಕೆ ನಿಲುಗಡೆಯಿಲ್ಲ. ಬೇಸಗೆಯಲ್ಲಿ ಹೊಲದ ಎತ್ತಿಗೆ ದೊರೆಯುವ ಬಿಡುವು ಅದಕ್ಕೆ ದೊರೆಯದು. ಅಂತಹ ಮೂಕಪ್ರಾಣಿಗೆ ವಾರಕ್ಕೊಂದು ದಿನ ನೊಗವಿಳಿಸಿ ಹುಲ್ಲು ಹಾಕಿ ಕಟ್ಟುವುದು ಸೋಮವಾರದವನಿಗೆ ಶಿವನ ಸೇವೆಯಾಗಿದ್ದರೆ, ಶನಿವಾರದವನಿಗೆ ಸೃಷ್ಟಿಕರ್ತನ ಆಜ್ಞೆಯಾಗಿದ್ದಿತು. ಇಬ್ಬರ ಶಾಸ್ತ್ರಗಳೂ ಬೇರೆ, ದೇವರ ಹೆಸರುಗಳೂ ಬೇರೆ. ಕೊಟ್ಟಿಗೆಯಲ್ಲಿ ಮೆಲುಕು ಹಾಕುವ ಎತ್ತಿಗೆ ದೊರೆತ ಫಲ ಮಾತ್ರ ಒಂದೇ. ಒಬ್ಬರ ಆಚಾರ ಇನ್ನೊಬ್ಬರಿಗೆ ವಿಚಿತ್ರವೆನಿಸದೆ ಇದ್ದುದಕ್ಕೆ ಇದೂ ಒಂದು ಕಾರಣವೆಂದು ನಾವು ಊಹಿಸಬಹುದು.

ಎಣ್ಣೆಗೂ ಸಬ್ಬತ್ತಿಗೂ ಇನ್ನೊಂದು ಸಂಬಂಧವುಂಟು. ಶುಕ್ರವಾರ ಸಂಜೆ, ಸೂರ್ಯ ಮುಳುಗುವುದಕ್ಕೆ ಮುಂಚೆ, ಮನೆಯ ಗೃಹಿಣಿ ದೀಪ ಹೊತ್ತಿಸಿ ಸಬ್ಬತ್ತನ್ನು ಬರಮಾಡಿಕೊಳ್ಳುವುದು ಯೆಹೂದ್ಯರ ಪದ್ಧತಿ. ಆ ದೀಪಕ್ಕೆ ಯಾವ ಎಣ್ಣೆ ಯೋಗ್ಯವೆಂಬ ವಿಷಯದಲ್ಲಿ ಪ್ರಾಚೀನ ಪಂಡಿತರು ನಡೆಸಿದ ಚರ್ಚೆ ಮಿಷ್ನಾದಲ್ಲಿಯೂ ಅದರ ವ್ಯಾಖ್ಯಾನರೂಪವಾದ ‘ತಾಲ್ಮುದ್’ ಗ್ರಂಥದಲ್ಲಿಯೂ ದಾಖಲಾಗಿದೆ. ರಬ್ಬಿ ತರ್ಫೋನನೆಂಬ ಆಚಾರ್ಯನು ಆಲಿವ್ ಎಣ್ಣೆಯ ಹೊರತು ಬೇರಾವುದೂ ಸಲ್ಲದೆಂದಾಗ, ಯೋಹಾನಾನ್ ಬೆನ್ ನೂರಿಯೆಂಬ ಮತ್ತೊಬ್ಬ ಆಚಾರ್ಯನು ಸಭೆಯಲ್ಲಿ ಎದ್ದು ನಿಂತು, ಎಳ್ಳೆಣ್ಣೆಯನ್ನಲ್ಲದೆ ಬೇರೆಯದನ್ನು ಕಾಣದ ಬಾಬಿಲೋನಿನವರು ಏನು ಮಾಡಬೇಕು, ಮೂಲಂಗಿ ಬೀಜದ ಎಣ್ಣೆಯೊಂದನ್ನೇ ಬಲ್ಲ ಅಲೆಕ್ಸಾಂಡ್ರಿಯದವರು ಏನು ಮಾಡಬೇಕು ಎಂದು ಪ್ರಶ್ನಿಸಿದನಂತೆ. ತನ್ನ ಜನ ಯಾವ ದೇಶಕ್ಕೆ ಚದರಿಹೋದರೂ ಆ ದೇಶದ ನೆಲದಲ್ಲಿ ಬೆಳೆದ ಎಣ್ಣೆಯಿಂದಲೇ ದೀಪ ಬೆಳಗಲೆಂಬ ಔದಾರ್ಯ ಈ ಪ್ರಶ್ನೆಯಲ್ಲಿ ತುಂಬಿಕೊಂಡಿದೆ. ಹೀಗೆ ಪರದೇಶದ ಎಳ್ಳೆಣ್ಣೆಗೆ ಮಾನ್ಯತೆ ಕೇಳಿದ ಆ ಆಚಾರ್ಯನ ಧರ್ಮವನ್ನು ಅನುಸರಿಸುವ ಒಂದು ಗುಂಪು ಕೊಂಕಣದಲ್ಲಿ ಎಣ್ಣೆ ತೆಗೆಯುವುದನ್ನೇ ಕುಲವೃತ್ತಿಯಾಗಿ ಮಾಡಿಕೊಂಡುದು ಇತಿಹಾಸದ ಒಂದು ಸುಂದರವಾದ ಸಂಯೋಗವೇ ಸರಿ.

ಗಾಣದ ತರುವಾಯ ಅಡುಗೆಮನೆ. ನೀರಿನ ಜೀವಿಗಳಲ್ಲಿ ಈಜುರೆಕ್ಕೆಯೂ ಮೈಮೇಲೆ ಹುರುಪೆಯೂ ಇರುವವನ್ನು ಮಾತ್ರ ತಿನ್ನಬಹುದೆಂಬುದು ಯೆಹೂದ್ಯರ ಶಾಸ್ತ್ರ. ಕಡಲ ದಂಡೆಯಲ್ಲಿ ಬಾಳುವವರಿಗೆ ಇದು ಸಣ್ಣ ಕಟ್ಟಳೆಯಲ್ಲ. ಬೆಸ್ತರ ಹೆಂಗಸು ಬುಟ್ಟಿಯನ್ನಿಳಿಸಿದರೆ ಅದರಲ್ಲಿ ಪಾಂಫ್ರೆಟ್ ಇರುತ್ತದೆ, ರಾವಸವಿರುತ್ತದೆ. ಅವುಗಳ ಜೊತೆಗೆ ಸೀಗಡಿ, ಏಡಿ, ಚಿಪ್ಪಿನ ಜೀವಿಗಳೂ ಇರುತ್ತವೆ. ನೆರೆಮನೆಯವರು ಎಲ್ಲವನ್ನೂ ಕೊಳ್ಳುತ್ತಿರಲು, ಶನಿವಾರದ ಗಾಣಿಗರ ಗೃಹಿಣಿ ಮೊದಲಿನವನ್ನು ಆರಿಸಿಕೊಂಡು ಉಳಿದವನ್ನು ಬುಟ್ಟಿಯಲ್ಲಿಯೇ ಬಿಡುತ್ತಿದ್ದಳು. ಈ ಆಯ್ಕೆಯೇ ಆ ಜನದ ಭಾಗ್ಯವನ್ನು ತಿರುಗಿಸಿತೆಂಬುದೊಂದು ಕಥೆಯುಂಟು. ದಾವೀದ ರಹಾಬಿಯೆಂಬ ಯೆಹೂದಿಯೊಬ್ಬನು ಕೊಂಕಣಕ್ಕೆ ಬಂದು, ಇವರ ಸಬ್ಬತ್ತನ್ನೂ ಸುನ್ನತಿಯನ್ನೂ ಕಂಡು ತನ್ನವರೇ ಇರಬಹುದೆಂದು ಸಂಶಯಪಟ್ಟು, ನಾನಾ ಬಗೆಯ ಮೀನುಗಳನ್ನು ಬೆರಸಿ ಅಡಿಗೆ ಮಾಡಿಕೊಡಿರೆಂದು ಹೆಂಗಸರ ಕೈಗೆ ಕೊಟ್ಟನಂತೆ. ಅವರು ರೆಕ್ಕೆ ಹುರುಪೆಗಳಿಲ್ಲದವನ್ನು ಬೇರ್ಪಡಿಸಿ, ಇವನ್ನು ನಾವು ತಿನ್ನುವುದಿಲ್ಲವೆಂದು ಹೇಳಲಾಗಿ, ಅವನ ಸಂಶಯ ನೀಗಿತಂತೆ. ಆಮೇಲೆ ಅವನು ಅವರಲ್ಲಿ ಮೂವರನ್ನು ಆರಿಸಿ ಧರ್ಮವಿಧಿಗಳನ್ನು ಕಲಿಸಿದನೆಂದೂ, ಅವರ ವಂಶದವರೇ ಕಾಜಿಗಳೆಂಬ ಹೆಸರಿನಿಂದ ಊರೂರು ತಿರುಗಿ ಮದುವೆ ಸುನ್ನತಿಗಳನ್ನು ನಡೆಸಿಕೊಟ್ಟು ನ್ಯಾಯ ಹೇಳುತ್ತಿದ್ದರೆಂದೂ ಪ್ರತೀತಿ. ರಹಾಬಿ ಬಂದುದು ಕ್ರಿ. ಶ. 1000ದ ಸುಮಾರಿಗೆಂದು ಕೆಲವರೂ, ಅವನು ಹದಿನೆಂಟನೆಯ ಶತಮಾನದ ಕೊಚ್ಚಿಯ ರಹಾಬಿ ಮನೆತನದವನೇ ಎಂದು ಕೆಲವರೂ ಹೇಳುತ್ತಾರೆ. ಕಾಲನಿರ್ಣಯ ಹೇಗಾದರೂ ಆಗಲಿ, ಪಂಡಿತನೊಬ್ಬನು ಒಂದು ಜನದ ಧರ್ಮವನ್ನು ಪರೀಕ್ಷಿಸಲು ಗಂಡಸರನ್ನು ಪ್ರಶ್ನಿಸದೆ ಹೆಂಗಸರ ಕೈಗೆ ಮೀನು ಕೊಟ್ಟನೆಂಬ ಈ ಕಥೆಯಲ್ಲಿ, ಆ ಧರ್ಮ ಎಲ್ಲಿ ಜೀವಂತವಾಗಿದ್ದಿತೆಂಬ ಸತ್ಯ ಅಡಗಿದೆ.

ಮಾಂಸವನ್ನೂ ಹಾಲನ್ನೂ ಒಟ್ಟಿಗೆ ಬೇಯಿಸಬಾರದು, ಒಟ್ಟಿಗೆ ತಿನ್ನಬಾರದು ಎಂಬುದು ಅದೇ ಶಾಸ್ತ್ರದ ಇನ್ನೊಂದು ನಿಯಮ. ಕೊಂಕಣದ ತೆಂಗು ಈ ನಿಯಮಕ್ಕೆ ಬಹಳ ಒದಗಿಬಂದಿತು. ಮಾಂಸದ ಸಾರಿಗೂ ಊಟದ ಕೊನೆಯ ಸಿಹಿಗೂ ಇವರು ತೆಂಗಿನಕಾಯಿಯ ಹಾಲನ್ನು ಬಳಸಿದರು. ಸಬ್ಬತ್ತಿನ ಮತ್ತು ಹಬ್ಬದ ಆಶೀರ್ವಾದಕ್ಕೆ ದ್ರಾಕ್ಷಾರಸ ಬೇಕು. ದ್ರಾಕ್ಷಿ ಬೆಳೆಯದ ಸೀಮೆಯಲ್ಲಿ ಇವರು ಒಣಗಿದ ಕಪ್ಪುದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟು, ಕಿವುಚಿ, ಸೋಸಿ, ಆ ಪಾನಕದಿಂದ ಕಾರ್ಯ ನಡೆಸುವುದನ್ನು ರೂಢಿಮಾಡಿಕೊಂಡರು.

ಇವರ ಹಬ್ಬಗಳ ಹೆಸರುಗಳಾದರೂ ಮರಾಠಿಯವೇ; ‘ಸಣ’ವೆಂದರೆ ಆ ಭಾಷೆಯಲ್ಲಿ ಹಬ್ಬ. ಯೆಹೂದ್ಯರ ವರ್ಷಾರಂಭ ಇವರಲ್ಲಿ ‘ನವ್ಯಾಚಾ ಸಣ’. ಪಾಪಪರಿಹಾರಕ್ಕಾಗಿ ಹಗಲೂ ರಾತ್ರಿಯೂ ಉಪವಾಸವಿರುವ ಮಹಾದಿನ ‘ದಾರಫಾಳ್ಣೀಚಾ ಸಣ’. ಅಂದು ಮನೆಯ ಬಾಗಿಲುಗಳನ್ನು ಮುಚ್ಚಿ, ಬಿಳಿಯ ವಸ್ತ್ರಗಳನ್ನುಟ್ಟು, ಹೊರಗಿನವರ ಸಂಪರ್ಕವಿಲ್ಲದೆ ಒಳಗಿರುತ್ತಿದ್ದರು. ಮರುದಿನ ‘ಶಿಳಾ ಸಣ’ವೆಂದು ಬಡಬಗ್ಗರಿಗೆ ದಾನಮಾಡಿ ಬಂಧುಗಳ ಮನೆಗೆ ಹೋಗಿಬರುತ್ತಿದ್ದರು. ಹೋಳಿಯ ಹೊತ್ತಿಗೆ ಬರುವ, ಪೂರಿಮ್ ಎಂಬ ಯೆಹೂದ್ಯರ ಹಬ್ಬ ‘ಹೋಳೀಚಾ ಸಣ’ವಾಯಿತು. ಯೆರೂಸಲೇಮಿನ ದೇವಾಲಯ ನಾಶವಾದುದಕ್ಕಾಗಿ ಶೋಕಿಸುವ ದಿನ ‘ಬಿರ್ಡ್ಯಾಚಾ ಸಣ’ವಾಯಿತು, ಮೊಳಕೆ ಬಂದ ಅವರೆಕಾಳಿನ ಮೇಲೋಗರವೇ ಅಂದಿನ ಊಟದ ವ್ಯಂಜನ.

ಇವುಗಳಲ್ಲಿ ‘ಅನಾಶೀ ಢಾಕಾಚಾ ಸಣ’ವೆಂಬುದೊಂದನ್ನು ಕುರಿತು ಎರಡು ಮಾತು ಹೆಚ್ಚಾಗಿ ಹೇಳಬೇಕು. ಐಗುಪ್ತದ ದಾಸ್ಯದಿಂದ ಬಿಡುಗಡೆಹೊಂದಿದುದರ ಸ್ಮರಣೆಗಾಗಿ ಯೆಹೂದ್ಯರು ಆಚರಿಸುವ ಪಸ್ಕಹಬ್ಬದಲ್ಲಿ ಹುಳಿಹಿಟ್ಟು ಮನೆಯಲ್ಲಿರಕೂಡದು. ಹುಳಿಯಿಲ್ಲದ ರೊಟ್ಟಿಯನ್ನೇ ತಿನ್ನಬೇಕು. ಕೊಂಕಣದ ಅಕ್ಕಿಯ ಊಟದವರಿಗೆ ಹುಳಿಹಿಟ್ಟಿನ ರೊಟ್ಟಿಯ ಬಳಕೆ ಮೊದಲೇ ಇಲ್ಲ. ಆದರೆ ಅಡುಗೆಗೆ ಬಳಸುವ ಹುಳಿನೀರಿನ ಗಡಿಗೆಯೊಂದು ಮನೆಯಲ್ಲಿರುತ್ತಿದ್ದಿತು. ವಸಂತದಲ್ಲಿ ಎಂಟು ದಿನ ಆ ಗಡಿಗೆಯ ಬಾಯನ್ನು ಮುಚ್ಚಿಟ್ಟು, ಎಂಟೂ ದಿನ ಅದನ್ನು ಮುಟ್ಟದೆ, ತರುವಾಯ ತೆರೆಯುತ್ತಿದ್ದರು. ಮೋಶೆಯ ಕಥೆ, ಫರೋಹನ ಕಥೆ, ಸಮುದ್ರ ಇಬ್ಭಾಗವಾದ ಕಥೆ ಎಲ್ಲವೂ ನೆನಪಿನಿಂದ ಅಳಿಸಿಹೋದ ಮೇಲೂ, ಒಂದು ಮಣ್ಣಿನ ಗಡಿಗೆಯ ಬಾಯಿಮುಚ್ಚುವ ಕಾರ್ಯ ಮಾತ್ರ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಸಂದುಕೊಂಡು ಬಂದಿತು. ಮೂರು ಸಾವಿರ ವರ್ಷಗಳ ಹಿಂದಿನದೆನ್ನುವ ಘಟನೆಯೊಂದರ ಸಾಕ್ಷ್ಯವನ್ನು ಇಷ್ಟು ಸರಳವಾದ ರೂಪದಲ್ಲಿ ಇನ್ನೆಲ್ಲಿಯಾದರೂ ಕಾಪಾಡಿಟ್ಟಿರುವುದು ಅಪೂರ್ವ.

ನೆರೆಹೊರೆಯ ಪ್ರಭಾವವೂ ಇವರ ಮೇಲೆ ಆಗದೆ ಹೋಗಲಿಲ್ಲ. ವಿಧವೆಯರ ಪುನರ್ವಿವಾಹಕ್ಕೆ ಯೆಹೂದ್ಯ ಶಾಸ್ತ್ರದಲ್ಲಿ ಅಡ್ಡಿಯಿಲ್ಲದಿದ್ದರೂ ಇವರಲ್ಲಿ ಅದು ಹಿಂದೆ ನಡೆಯುತ್ತಿರಲಿಲ್ಲ. ತಮ್ಮೊಳಗೇ ಗೋರಾ ಇಸ್ರಾಯೇಲರೆಂದೂ ಕಾಳಾ ಇಸ್ರಾಯೇಲರೆಂದೂ ಎರಡು ಪಂಗಡಗಳಾಗಿ, ಅವುಗಳ ನಡುವೆ ಕೊಳುಕೊಡೆಯಿಲ್ಲದಂತೆ ಮಾಡಿಕೊಂಡರು. ಜಾತಿಭೇದದ ಈ ದೋಷವನ್ನು ಯಾರೂ ಸಮರ್ಥಿಸಲಾರರು. ಆದರೆ ಅದೇ ಪ್ರಭಾವದಿಂದ ಮನೋಹರವಾದ ಆಚಾರಗಳೂ ಬೆಳೆದುವು. ಪ್ರವಾದಿ ಎಲೀಯನು ಇವರ ಭಕ್ತಿಗೆ ವಿಶೇಷವಾಗಿ ಪಾತ್ರನಾದವನು. ಅಲೀಬಾಗಿನ ಹತ್ತಿರದ ಖಂಡಾಳೆಯೆಂಬ ಹಳ್ಳಿಯ ಬಂಡೆಯೊಂದರ ಮೇಲಿರುವ ಗುರುತುಗಳನ್ನು, ಆತನ ರಥ ಅಲ್ಲಿಂದ ಆಕಾಶಕ್ಕೇರಿದಾಗ ಉಂಟಾದವೆಂದು ಇವರು ನಂಬುತ್ತಾರೆ. ಹರಕೆ ಫಲಿಸಿದಾಗ, ಮದುವೆ ಸುನ್ನತಿಗಳಂತಹ ಶುಭಕಾಲಗಳಲ್ಲಿ, ಆತನ ಹೆಸರಿನಲ್ಲಿ ‘ಮಲಿದಾ’ ಮಾಡುತ್ತಾರೆ: ನೆನೆಯಿಟ್ಟ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ ಬೆರಸಿ ತಟ್ಟೆಯಲ್ಲಿ ರಾಶಿಮಾಡಿ, ಸುತ್ತಲೂ ಹಣ್ಣುಗಳನ್ನಿಟ್ಟು, ಎಲೀಯನ ಸ್ತುತಿಯನ್ನು ಹೀಬ್ರೂವಿನಲ್ಲಿ ಹಾಡಿ, ಆಶೀರ್ವಾದಗಳನ್ನುಚ್ಚರಿಸಿ ಎಲ್ಲರಿಗೂ ಹಂಚುತ್ತಾರೆ. ಅವಲಕ್ಕಿ ಕೊಂಕಣದ್ದು, ಪ್ರವಾದಿ ಇಸ್ರಾಯೇಲಿನವನು. ಈ ತಟ್ಟೆಯಲ್ಲಿ ಎರಡಕ್ಕೂ ವಿರೋಧವಿಲ್ಲ.

ಹದಿನೆಂಟನೆಯ ಶತಮಾನದ ನಡುವಿನಿಂದ ಇವರ ಬಾಳಿನ ದಿಕ್ಕು ಬದಲಾಯಿತು. ಗಾಣ ಬಿಟ್ಟು ಒಬ್ಬೊಬ್ಬರಾಗಿ ಮುಂಬಯಿಗೆ ಹೋಗಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದರು. ಹಾಗೆ ಸೇರಿದವರಲ್ಲಿ ಒಬ್ಬನಾದ ಸಾಮಾಜಿ ಹಸಾಜಿ ದಿವೇಕರ, ಎಂದರೆ ಸಾಮುವೇಲ್ ಎಜೆಕಿಯೇಲನ ವೃತ್ತಾಂತಕ್ಕೂ ನಮ್ಮ ನಾಡಿಗೂ ನಂಟುಂಟು. 1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧದಲ್ಲಿ ಅವನು ಟಿಪ್ಪು ಸುಲ್ತಾನನ ಕೈಗೆ ಸೆರೆಸಿಕ್ಕಿದನು. ಜಾತಿ ಯಾವುದೆಂದು ಕೇಳಲಾಗಿ ಬೆನೆ ಇಸ್ರಾಯೇಲನೆಂದು ಅವನು ಉತ್ತರಕೊಟ್ಟನೆಂದೂ, ಕುರಾನಿನಲ್ಲಿ ಹೆಸರು ಬಂದಿರುವ ಆ ಜನರನ್ನು ತಾನು ಎಂದೂ ಕಂಡವಳಲ್ಲವೆಂದು ಸುಲ್ತಾನನ ತಾಯಿ ಬೇಡಿಕೊಂಡುದರಿಂದ ಅವನ ಪ್ರಾಣ ಉಳಿಯಿತೆಂದೂ ಅವರಲ್ಲಿ ಪ್ರಸಿದ್ಧವಾದ ಐತಿಹ್ಯ. ಬಿಡುಗಡೆಯಾಗಿ ಹಿಂದಿರುಗಿದ ದಿವೇಕರನು ಕೃತಜ್ಞತೆಯಿಂದ 1796ರಲ್ಲಿ ಮುಂಬಯಿಯಲ್ಲಿ ಸಭಾಮಂದಿರವೊಂದನ್ನು ಕಟ್ಟಿಸಿದನು; ‘ಶಾರ್ ಹರಹಮೀಮ್’, ಎಂದರೆ ಕರುಣೆಯ ಬಾಗಿಲು, ಎಂಬ ಹೆಸರಿನ ಅದೇ ಆ ನಗರದ ಮೊಟ್ಟಮೊದಲನೆಯ ಯೆಹೂದ್ಯ ಮಂದಿರ. ಮನೆಯೊಳಗೇ ಅಡಗಿದ್ದ ಧರ್ಮಕ್ಕೆ ಹೀಗೆ ಹೊರಗೊಂದು ನೆಲೆ ದೊರೆಯಿತು. 1842ರಲ್ಲಿ ರೇವದಂಡಾದಲ್ಲಿಯೂ 1848ರಲ್ಲಿ ಅಲೀಬಾಗಿನಲ್ಲಿಯೂ ಮಂದಿರಗಳೆದ್ದುವು.

ಆಮೇಲಿನದು ಮರೆತುದನ್ನು ಮತ್ತೆ ಕಲಿತ ಕಥೆ. ಕೊಚ್ಚಿಯ ಯೆಹೂದ್ಯರು ಬಂದು ಪೂಜಾಕ್ರಮವನ್ನು ಕಲಿಸಿದರು. ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನು ಬರೆದನು. ಪಾದ್ರಿಗಳ ಶಾಲೆಗಳಲ್ಲಿ ಓದಿದ ಇವರು ವಿದ್ಯೆಯನ್ನು ಪಡೆದರೇ ಹೊರತು, ಕೆಲವೇ ಮಂದಿ ವಿನಾ ಮತವನ್ನು ಬಿಡಲಿಲ್ಲ. 1874ರಲ್ಲಿ ಪುಣೆಯಲ್ಲಿ ಅಚ್ಚಾದ ಪಸ್ಕಹಬ್ಬದ ಪುಸ್ತಕದಲ್ಲಿ ಹೀಬ್ರೂವಿನ ಜೊತೆಗೆ ಮರಾಠಿ ಅನುವಾದವಿದೆ. ಸೀರೆಯುಟ್ಟ ಸ್ತ್ರೀಯರು ಹುಳಿಯಿಲ್ಲದ ರೊಟ್ಟಿಯನ್ನು ಸಿದ್ಧಪಡಿಸುತ್ತಿರುವ ಚಿತ್ರಗಳಿವೆ. 1880ರ ಸುಮಾರಿನಿಂದ ಮಹಾರಾಷ್ಟ್ರದ ಕೀರ್ತನ ಪದ್ಧತಿಯಲ್ಲಿಯೇ ಅಬ್ರಹಾಮ, ಯೋಸೇಫ ಮೊದಲಾದವರ ಕಥೆಗಳನ್ನು ಮರಾಠಿಯಲ್ಲಿ ಹಾಡಿ ಹೇಳುವ ಸಂಪ್ರದಾಯ ಇವರಲ್ಲಿ ಬೆಳೆಯಿತು. 1875ರಲ್ಲಿ ತನ್ನವರ ಮಕ್ಕಳಿಗಾಗಿ ಮುಂಬಯಿಯಲ್ಲಿ ಶಾಲೆ ತೆರೆದ ಹಾಯೀಮ್ ಸಾಮುವೇಲ್ ಕೆಹಿಮ್‌ಕರನು, ಈ ಜನದ ಹಬ್ಬಹರಿದಿನ ಆಚಾರವ್ಯವಹಾರಗಳನ್ನೆಲ್ಲ ಸಂಗ್ರಹಿಸಿ ಬರೆದ ಇತಿಹಾಸ ಅವನ ಕಾಲಾನಂತರ, 1937ರಲ್ಲಿ ಪ್ರಕಟವಾಯಿತು. ಗಡಿಗೆ ಮುಚ್ಚುವ ಹಬ್ಬದಂತಹ ಸಂಗತಿಗಳು ಇಂದು ನಮಗೆ ತಿಳಿದಿರುವುದು ಬಹುಮಟ್ಟಿಗೆ ಅವನ ಶ್ರದ್ಧೆಯ ಫಲ.

ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತದಲ್ಲಿ ಸುಮಾರು 20,000ದಷ್ಟಿದ್ದ ಬೆನೆ ಇಸ್ರಾಯೇಲರಲ್ಲಿ ಹೆಚ್ಚಿನವರು ತರುವಾಯ ಇಸ್ರೇಲಿಗೆ ಹೋಗಿ ನೆಲಸಿದರು. ಅಲ್ಲಿಯೂ ಅವರನ್ನು ಪರೀಕ್ಷೆ ಕಾದಿದ್ದಿತು. ಶಾಸ್ತ್ರೋಕ್ತವಾದ ವಿವಾಹವಿಚ್ಛೇದನದ ವಿಧಿಗಳನ್ನು ಇವರ ಹಿರಿಯರು ಅರಿತಿರಲಿಲ್ಲವೆಂದು ಶಂಕಿಸಿ, ಇವರಿಗೂ ಇತರ ಯೆಹೂದ್ಯರಿಗೂ ಮದುವೆಯಾಗಬೇಕಾದರೆ ವಂಶಶೋಧನೆಯಾಗಬೇಕೆಂದು ಅಲ್ಲಿನ ಧರ್ಮಾಧಿಕಾರಿಗಳು ವಿಧಿಸಿದರು. ಎರಡು ವರ್ಷಗಳಿಗೂ ಹೆಚ್ಚು ಕಾಲ ಇವರು ಪ್ರತಿಭಟಿಸಿದ ಮೇಲೆ, 1964ರಲ್ಲಿ ಇಸ್ರೇಲ್ ಸರ್ಕಾರ ಇವರು ಎಲ್ಲ ವಿಧದಲ್ಲಿಯೂ ಪೂರ್ಣ ಯೆಹೂದ್ಯರೆಂದು ಸಾರಿತು. ಧರ್ಮಾಧಿಕಾರಿಗಳೂ ತಮ್ಮ ಆದೇಶದಿಂದ ಇವರ ಹೆಸರನ್ನು ತೆಗೆದುಹಾಕಿದರು. ಕೊಂಕಣದ ಹಳ್ಳಿಗರು ಎಂದೋ ಒಪ್ಪಿಕೊಂಡಿದ್ದುದನ್ನು ಸ್ವಜನರು ಒಪ್ಪುವುದಕ್ಕೆ ಅಷ್ಟು ಕಾಲ ಹಿಡಿಯಿತೆಂಬುದು ಖೇದಕರ.

ಧರ್ಮವೆಂಬುದು ಗ್ರಂಥಗಳಲ್ಲಿಯೂ ಪಂಡಿತರ ನಾಲಗೆಯಲ್ಲಿಯೂ ಇರುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಶನಿವಾರದ ಗಾಣಿಗರ ಇತಿಹಾಸ ಆ ಭಾವನೆಯನ್ನು ತಿದ್ದುತ್ತದೆ. ಗ್ರಂಥವನ್ನೂ ಪಂಡಿತರನ್ನೂ ಕಳೆದುಕೊಂಡ ಜನವೊಂದನ್ನು, ಎತ್ತಿನ ನೊಗವಿಳಿಸಿದ ಕೈಗಳೂ ಮೀನು ಆರಿಸಿದ ಕೈಗಳೂ ಗಡಿಗೆ ಮುಚ್ಚಿದ ಕೈಗಳೂ ಉಳಿಸಿದುವು. ಅವರ ಆಚಾರಕ್ಕೆ ಅಡ್ಡಿಬಾರದೆ ಅದನ್ನೇ ಹೆಸರಾಗಿಟ್ಟು ಕರೆದ ನೆರೆಹೊರೆಯವರೂ ಆ ಪುಣ್ಯದಲ್ಲಿ ಭಾಗಿಗಳಾದರು. ನಮ್ಮ ನಾಡಿನ ಗಾಣಿಗ, ನೇಕಾರ, ಕುಂಬಾರ, ಬೆಸ್ತ ಮೊದಲಾದವರ ಮನೆಗಳಲ್ಲಿಯೂ ಕಾರಣ ಮರೆತುಹೋಗಿ ಕಾರ್ಯ ಮಾತ್ರ ಉಳಿದಿರುವ ವಾರದ ಕಟ್ಟಳೆಗಳು, ಹಬ್ಬದ ಅಡುಗೆಗಳು, ಮುಟ್ಟುವ ಮುಟ್ಟದಿರುವ ನಿಯಮಗಳು ಎಷ್ಟೋ ಇವೆ. ಅವುಗಳನ್ನು ಅರ್ಥವಿಲ್ಲದ ರೂಢಿಯೆಂದು ತಳ್ಳಿಹಾಕದೆ, ಅವನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಕೆಹಿಮ್‌ಕರನಂತೆ ಕೇಳಿ ಬರೆದಿಡುವುದು ವಿದ್ಯಾವಂತರ ಕರ್ತವ್ಯ.